ಡೀಸೆಲ್ ಎಲ್ಲಿಗೆ ಹೋಯಿತು ಎಂಬುದರ ಬಗ್ಗೆ

ಹೆಸರು: ಡಾ. ಅಪೇಕ್ಷಾ ರೈ, ಪ್ರಾಯ 41 ವರ್ಷ, ವೃತ್ತಿ: ದಂತ ವೈದ್ಯೆ, ವಾಸ: ದರ್ಬೆ, ಪುತ್ತೂರು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ.

ನಾನು ಈ ದಿನ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನಗೆ ಪುತ್ತೂರು ಮತ್ತು ಸುಳ್ಯದಲ್ಲಿ ಒಂದೊಂದು ದಂತ ಚಿಕಿತ್ಸಾಲಯ ಇರುತ್ತದೆ. ಪ್ರತಿ ಸೋಮವಾರ ಮತ್ತು ಗುರುವಾರ ಸುಳ್ಯಕ್ಕೆ ಹೋಗಿ ಬರುತ್ತೇನೆ. ಮನೆಯಿಂದ ಅಲ್ಲಿಗೆ 38 ಕಿ.ಮೀ. ಉಳಿದ ದಿನಗಳಲ್ಲಿ ಕಾರು ದಿನಕ್ಕೆ 4 ಕಿ.ಮೀ. ಮೀರಿ ಓಡುವುದಿಲ್ಲ. 2022ರ ಮಾರ್ಚ್‌ನಲ್ಲಿ ವಿದೇಶಿ ಕಂಪೆನಿಯ ಡೀಸೆಲ್ ಕಾರೊಂದನ್ನು ಕೊಂಡಿದ್ದೆ. ನಮ್ಮಲ್ಲಿ ಒಂಬತ್ತು ವರ್ಷಗಳಿಂದ ಚಾಲಕರಾಗಿದ್ದ ಕಡಬ ತಾಲೂಕಿನ ಬೋಜ ಎಂಬವರು ಅದನ್ನು ಓಡಿಸುತ್ತಿದ್ದರು. ಅವರ ಪ್ರಾಯ 53. ನಾನು ಬೋಜಣ್ಣ ಎಂದು ಕರೆಯುತ್ತಿದ್ದೆ.

2024ರ ಜೂನ್‌ನಲ್ಲಿ ಕಾರಿನ ಹೊಗೆ ಸೋಸುವ ಫಿಲ್ಟರಿನ ದೀಪ ಉರಿಯತೊಡಗಿತು. ಜುಲೈ 23ರಂದು ಮಂಗಳೂರಿನ ಕಂಪೆನಿ ಸರ್ವಿಸ್‌ನವರು ಕಾರನ್ನು ಮೇಲೆತ್ತಿ ನೋಡಿ, ಫೋಟೋ ತೆಗೆದು, ಸಣ್ಣ ದೂರದ ಓಡಾಟದಿಂದ ಮಸಿ ಕಟ್ಟಿದೆ, ಹೊಸ ಫಿಲ್ಟರ್‌ಗೆ 2 ಲಕ್ಷ 80 ಸಾವಿರ ಆಗುತ್ತದೆ ಎಂದರು. ಆ ವರ್ಷ ಅದಾಗಲೇ ಸಸ್ಪೆನ್ಶನ್‌ಗೂ ಗೇರ್‌ಬಾಕ್ಸ್‌ಗೂ ಸೇರಿ ನಾಲ್ಕು ಲಕ್ಷ ಕೊಟ್ಟಿದ್ದೆ. ಆದ್ದರಿಂದ ಪುತ್ತೂರು ಹೊರವಲಯದಲ್ಲಿ ಗ್ಯಾರೇಜ್ ಇಟ್ಟಿರುವ ಪ್ರಖ್ಯಾತ್ ಎಂಬವರಲ್ಲಿ ವಿಚಾರಿಸಿದೆ. ಅವರು ಫಿಲ್ಟರನ್ನು ಬಿಚ್ಚಿ ತೊಳೆದು ಕೊಡುವುದಾಗಿ, 45 ಸಾವಿರ ಸಾಕೆಂದು ಹೇಳಿದರು. ಆಗಸ್ಟ್ 5ರಿಂದ 9ರವರೆಗೆ ಕಾರು ಅವರಲ್ಲಿತ್ತು. ಬೋಜ ಕೆಲಸ ನೋಡಲು ನಿಂತಾಗ ಒಳಗೆ ಬಿಡಲಿಲ್ಲವೆಂದು ನನಗೆ ಅಂದೇ ಹೇಳಿದ್ದರು. ನಾನು ಅದಕ್ಕೆ ಬೆಲೆ ಕೊಡಲಿಲ್ಲ. ದೀಪ ಆರಿತ್ತು, ನನಗೆ ಅಷ್ಟು ಸಾಕಾಗಿತ್ತು.

ಅನಂತರ ಲೀಟರಿಗೆ 15 ಕಿ.ಮೀ. ಓಡುತ್ತಿದ್ದ ಕಾರು 10ಕ್ಕೆ ಇಳಿಯಿತು. ಬೋಜ ಎರಡು ಸಲ ನನ್ನಲ್ಲಿ, ಇಂಜಿನ್ ಆಯಿಲ್ ಅಳತೆ ಕಡ್ಡಿಯಲ್ಲಿ ಮೇಲೆ ಮೇಲೆ ಹೋಗುತ್ತಿದೆ, ಯಾರಿಗಾದರೂ ತೋರಿಸಬೇಕು ಎಂದಿದ್ದರು. ಆಯಿಲ್ ಕಡಿಮೆಯಾಗುವುದನ್ನು ಕೇಳಿದ್ದೇನೆ, ತನ್ನಷ್ಟಕ್ಕೆ ಹೆಚ್ಚಾಗುವುದನ್ನು ಕೇಳಿಲ್ಲ. ಡೀಸೆಲ್ ವಿಚಾರ ಮರೆಸಲು ಕಥೆ ಕಟ್ಟುತ್ತಿದ್ದಾರೆಂದು ಭಾವಿಸಿದೆ. ಆ ದಿನದಿಂದ ಅವರು ಮೀಟರ್ ನೋಡುವುದು, ಹಿಂದಿನ ಡಿಕ್ಕಿ ತೆರೆಯುವುದು, ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವುದು ಎಲ್ಲವೂ ನನಗೆ ಬೇರೆಯಾಗಿಯೇ ಕಂಡಿತು.

ನವೆಂಬರ್ 14, ಗುರುವಾರ ಬೆಳಿಗ್ಗೆ 8.10ಕ್ಕೆ ನಾನೇ ಎದುರು ನಿಂತು ಟ್ಯಾಂಕ್ ತುಂಬಿಸಿ, ಅವರಿಗೆ ತಿಳಿಯದಂತೆ ಮೀಟರ್ ಬರೆದುಕೊಂಡೆ. ಸುಳ್ಯಕ್ಕೆ ಹೋಗಿ ಬಂದು ಸಂಜೆ 6.20ಕ್ಕೆ ಅದೇ ಬಂಕಿನಲ್ಲಿ ಪುನಃ ತುಂಬಿಸಿದೆ. 76 ಕಿ.ಮೀ.ಗೆ ಏಳೂವರೆ ಲೀಟರ್ ಹಿಡಿಯಿತು. ನನ್ನ ಲೆಕ್ಕದಲ್ಲಿ ಐದು ಸಾಕಿತ್ತು. ಬಂಕಿನಲ್ಲಿ ಏಳೆಂಟು ಜನ ಇದ್ದರು. ನಾನು ಬೋಜರಲ್ಲಿ ಡಿಕ್ಕಿ ತೆರೆಯುವಂತೆ ಜೋರಾಗಿ ಹೇಳಿದೆ. ಅಣ್ಣ ಎನ್ನಲಿಲ್ಲ. ಒಳಗೆ ಐದು ಲೀಟರಿನ ಕ್ಯಾನ್ ಇತ್ತು. ಮುಚ್ಚಳ ತೆಗೆದು ಮೂಸಿದೆ. ನೀರು. ಕದ್ದ ಮೇಲೆ ಕ್ಯಾನ್ ತೊಳೆದಿಟ್ಟಿರಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಬೋಜ ಕೀಯನ್ನು ಬಾನೆಟ್ ಮೇಲೆ ಇಟ್ಟು, "ಡೀಸೆಲ್ ಎಲ್ಲಿಗೆ ಹೋಗುದು ಅಂತ ನನಗೂ ಗೊತ್ತಾಗ್ಬೇಕಿತ್ತು ಡಾಕ್ಟ್ರಕ್ಕ. ನನ್ನ ಮನೆಗೆ ಬರ್ಲಿಲ್ಲ ಅದು" ಎಂದು ಹೇಳಿ ಬಸ್ ನಿಲ್ದಾಣದ ಕಡೆಗೆ ನಡೆದು ಹೋದರು. ಮರುದಿನ ನಾನು ಇದೇ ಠಾಣೆಯಲ್ಲಿ ಅವರ ಮೇಲೆ ದೂರು ಅರ್ಜಿ ಕೊಟ್ಟೆ. ಅವರನ್ನು ಕರೆಸಿ ವಿಚಾರಿಸಿದ ದಿನ ಅವರು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಇಲ್ಲಿ ಬೆಂಚಿನಲ್ಲಿ ಕುಳಿತಿದ್ದರೆಂದು ತಿಳಿದಿರುತ್ತದೆ.

ಆಮೇಲೆ ಕಾರನ್ನು ನಾನೇ ಓಡಿಸಿದೆ. ಆದರೂ ಲೀಟರಿಗೆ 10ಕ್ಕಿಂತ ಹೆಚ್ಚು ಸಿಗಲಿಲ್ಲ. ಬಂಕಿನವರ ಮೇಲೆ ಸಂಶಯ ಬಂದು ಅಳತೆ ಪಾತ್ರೆಯಲ್ಲಿ ಐದು ಲೀಟರ್ ಹಿಡಿಸಿ ನೋಡಿದೆ. ಅಳತೆ ಸರಿಯಿತ್ತು. ಇನ್ನು ಸಂಶಯಪಡಲು ಕಾರಿನಲ್ಲಿ ನಾನೊಬ್ಬಳೇ ಉಳಿದಿದ್ದೆ.

ನವೆಂಬರ್ 28, ಗುರುವಾರ ಸಂಜೆ 5.15ಕ್ಕೆ ಸುಳ್ಯದಿಂದ ಮರಳುವಾಗ ಜಾಲ್ಸೂರು ದಾಟಿ ಸುಮಾರು 600 ಮೀಟರ್ ಬಂದಾಗ ಇಂಜಿನ್ನಿನಲ್ಲಿ ಕಬ್ಬಿಣ ಬಡಿದ ಶಬ್ದವಾಗಿ ಕಾರು ತಿರುವಿನಲ್ಲಿಯೇ ನಿಂತಿತು. ಹಿಂದಿನಿಂದ ಬರುತ್ತಿದ್ದ ಬಸ್ ಎರಡು ಮಾರು ದೂರದಲ್ಲಿ ಬ್ರೇಕ್ ಹಾಕಿತು. ಕುಂಬ್ರದ ಮೆಕ್ಯಾನಿಕ್ ಕಬೀರ್ ಎಂಬವರು ಗಾಡಿ ತಂದು ಕಾರನ್ನು ಎಳೆದುಕೊಂಡು ಹೋದರು. ಮರುದಿನ ಬೆಳಿಗ್ಗೆ 9.30ಕ್ಕೆ ಅವರ ಗ್ಯಾರೇಜಿಗೆ ಹೋದೆ. ಅವರು ಅಳತೆ ಕಡ್ಡಿ ಎಳೆದು ತೋರಿಸಿದರು. ಆಯಿಲ್ ಗುರುತಿನಿಂದ ಎರಡು ಬೆರಳು ಮೇಲಿತ್ತು, ನೀರಿನಂತೆ ತೊಟ್ಟಿಕ್ಕುತ್ತಿತ್ತು. ಕಬೀರ್ ಅದನ್ನು ಪೇಪರಿನ ಮೇಲೆ ಬಿಟ್ಟು ನನ್ನ ಮೂಗಿನ ಬಳಿ ಹಿಡಿದು, "ಡೀಸೆಲ್ ಕದ್ದವ ಇಲ್ಲೇ ಉಂಟು ಮೇಡಂ, ಇಂಜಿನ್ ಒಳಗೆ. ಇದನ್ನು ನಿಮಗೆ ಯಾರೂ ಹೇಳ್ಲಿಲ್ವಾ ಮಾರಾಯ್ರೆ?" ಎಂದು ಕೇಳಿದರು. ಹೇಳಿದ್ದರು ಎಂದು ನಾನು ಉತ್ತರಿಸಿದೆ.

ಬಳಿಕ ಕಾರನ್ನು ಮೇಲೆತ್ತಿದಾಗ ಫಿಲ್ಟರಿನ ಪೆಟ್ಟಿಗೆಯ ಸುತ್ತ ಹೊಸ ವೆಲ್ಡಿಂಗ್ ಕಂಡಿತು. ಸ್ಪ್ಯಾನರಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ನನ್ನ ಒಪ್ಪಿಗೆ ಪಡೆದು ಕತ್ತರಿಸಿದರು. ಒಳಗೆ ಏನೂ ಇರಲಿಲ್ಲ. ಒಳಗಿನ ಭಾಗದಲ್ಲಿ ಬೆಲೆಬಾಳುವ ಲೋಹ ಇರುತ್ತದೆ, ಅದನ್ನು ತೆಗೆದು ಮಾರುತ್ತಾರೆ, ದೀಪ ಉರಿಯದಂತೆ ಕಂಪ್ಯೂಟರಿಗೆ ಏನೋ ಮಾಡಿದ್ದಾರೆ, ಆ ಕಂಪ್ಯೂಟರ್ ಈಗ ಇಲ್ಲದ ಫಿಲ್ಟರಿನ ಮಸಿಯನ್ನು ಸುಡಲೆಂದು ಇಂಜಿನ್ನಿಗೆ ಹೆಚ್ಚು ಡೀಸೆಲ್ ಬಿಡುತ್ತಾ ಇದ್ದು, ಅದೇ ಡೀಸೆಲ್ ಇಳಿದು ಆಯಿಲಿಗೆ ಸೇರಿದೆ ಎಂದು ಕಬೀರ್ ವಿವರಿಸಿದರು. ಆಯಿಲ್ ತೆಳುವಾಗಿ ಇಂಜಿನ್ ಸವೆದು ಹಾಳಾಗಿರುತ್ತದೆ.

ಅದೇ ದಿನ ಮಧ್ಯಾಹ್ನ 12.45ಕ್ಕೆ ಪ್ರಖ್ಯಾತ್‌ರ ಗ್ಯಾರೇಜಿಗೆ ಹೋಗಿ ವಿಚಾರಿಸಿದಾಗ, ತಾನು ತೊಳೆದು ಮಾತ್ರ ಕೊಟ್ಟಿದ್ದೇನೆ, ಡೀಸೆಲ್ ಕದಿಯುವ ಚಾಲಕ ಫಿಲ್ಟರ್ ಬಿಟ್ಟಾನೇ, ನೀವೇ ಠಾಣೆಯಲ್ಲಿ ದೂರು ಕೊಟ್ಟಿದ್ದೀರಲ್ಲ ಎಂದರು. ನಾಚಿಕೆಯಿಂದ ತಿಳಿಸುವುದೇನೆಂದರೆ, ದರ್ಬೆ ತಲಪುವವರೆಗೆ ನಾನು ಆ ಮಾತನ್ನೂ ನಂಬಿದೆ. ಮನೆಯಲ್ಲಿ, ಕಂಪೆನಿ ಸರ್ವಿಸ್‌ನವರು ಕೊಟ್ಟಿದ್ದ ಜುಲೈ 23ರ ಫೋಟೋ ತೆಗೆದು ನೋಡಿದೆ. ಅದರಲ್ಲಿ ವೆಲ್ಡಿಂಗ್ ಇಲ್ಲ. ಅನಂತರ ಕಬೀರ್ ಕತ್ತರಿಸುವವರೆಗೆ ಕಾರು ನಮ್ಮ ಕೈಬಿಟ್ಟು ಇದ್ದದ್ದು ಪ್ರಖ್ಯಾತ್‌ರ ಗ್ಯಾರೇಜಿನ ಆ ಐದು ದಿನ ಮಾತ್ರ. ಲೀಟರಿಗೆ ಓಟ ಇಳಿದದ್ದೂ ಅಲ್ಲಿಂದ ಬಂದ ಮೇಲೆಯೇ. ಫೋಟೋ, ಬಿಲ್ಲು ಮತ್ತು ಖಾಲಿ ಪೆಟ್ಟಿಗೆಯನ್ನು ಹಾಜರುಪಡಿಸಿರುತ್ತೇನೆ. ಅವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ನಿನ್ನೆ, ಡಿಸೆಂಬರ್ 1, ಭಾನುವಾರ ಬೆಳಿಗ್ಗೆ 11ಕ್ಕೆ ಬಸ್ಸಿನಲ್ಲಿ ಬೋಜರ ಮನೆಗೆ ಹೋಗಿ ತಪ್ಪಾಯಿತು ಎಂದೆ, ಕೆಲಸಕ್ಕೆ ಕರೆದೆ. ಅವರು ಕುರ್ಚಿ ಹಾಕಿ, ಚಾ ಕೊಟ್ಟು, ತಾನು ಶಾಲೆಯ ವ್ಯಾನ್ ಓಡಿಸಲು ಕೇಳಿದ್ದಾಗಿ, ಠಾಣೆಗೆ ಹೋದವನು ಮಕ್ಕಳ ಗಾಡಿಗೆ ಬೇಡವೆಂದು ಶಾಲೆಯವರು ಹೇಳಿದ್ದಾಗಿ ತಿಳಿಸಿದರು. ಕೊನೆಗೆ, "ನೀವು ಇಲ್ಲಿ ಹೇಳಿದ್ರೆ ನನ್ನ ಹೆಂಡ್ತಿಗೆ ಮಾತ್ರ ಕೇಳ್ತದೆ. ಅವಳಿಗೆ ಮೊದಲೇ ಗೊತ್ತುಂಟು ಡಾಕ್ಟ್ರಕ್ಕ. ಬರೆದ ಕಡೆಯಲ್ಲಿ ಹೋಗಿ ಹೇಳಿ" ಎಂದರು.

ಆದ್ದರಿಂದ ನವೆಂಬರ್ 15ರಂದು ನಾನು ಕೊಟ್ಟ ಅರ್ಜಿ ಸುಳ್ಳೆಂದು, ಬೋಜ ನನ್ನ ಕಾರಿನಿಂದ ಒಂದು ತೊಟ್ಟು ಡೀಸೆಲ್ ಕೂಡ ತೆಗೆದಿಲ್ಲವೆಂದು ಹೇಳುತ್ತೇನೆ. ಈ ಭಾಗ ಫಿಲ್ಟರಿನ ದೂರಿಗೆ ಬೇಕಾಗಿಲ್ಲ, ಬಿಡಬಹುದು ಎಂದು ಬರೆದುಕೊಳ್ಳುತ್ತಿದ್ದ ಸಿಬ್ಬಂದಿ ತಿಳಿಸಿದರು. ಬಿಡಬಾರದೆಂದು ನಾನು ಹೇಳಿದ ಮೇಲೆ ಬರೆಯಲಾಗಿದೆ. ಇದರ ಒಂದು ಪ್ರತಿಯನ್ನು ಠಾಣೆಯ ಮೊಹರಿನೊಂದಿಗೆ ಬೋಜರಿಗೆ ಕೊಡಬೇಕಾಗಿ ಪ್ರಾರ್ಥನೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪುತ್ತೂರು
ದಿನಾಂಕ: 02-12-2024, ಬೆಳಿಗ್ಗೆ 11.40

(ಸಹಿ)
ಅಪೇಕ್ಷಾ ರೈ