ಭಾನುವಾರದ ಮೀನು

…ಜ್ಯೂಸಿಂದಲೇ ಕಣೇ ಆಗಿರೋದು, ಇನ್ನೇನಿರುತ್ತೆ? ಡಾಕ್ಟರಿಗೂ ಅದನ್ನೇ ಹೇಳಿದ್ದೀನಿ. ನಿಮ್ಮಮ್ಮ ನಿನ್ನೆ ಮಾರ್ಕೆಟ್ಟಿಗೆ ಹೋದೋಳು ಬೀದೀಲಿ ಜ್ಯೂಸು ಕುಡಿದಿದ್ದಾಳೆ. ಬೆಳಗಿನ ಜಾವದಿಂದ ಒಂದೇ ಸಮ ವಾಂತಿ. ಆಮೇಲೆ ಕೂಗಿದ್ರೂ ಕಣ್ಣು ಬಿಡಲಿಲ್ಲ… ಕೂತ್ಕೋ, ಕೂತ್ಕೋ. ಬಸ್ಸಿಳಿದು ನೇರ ಆಸ್ಪತ್ರೆಗೇ ಬಂದಿದ್ದೀಯ. ಡ್ರಿಪ್ ಹಾಕಿದ್ದಾರೆ, ಒಳಗೆ ಬಿಡಲ್ಲ ಇನ್ನೂ.

ಏನು? ಮನೇಲೇನು ತಿಂದ್ಲು ಅಂತಾನಾ? ಎಂದಿನ ಹಾಗೇ. ಅನ್ನ, ಸಾರು… ಯಾಕೆ ನಗ್ತೀಯ? ಯಾವತ್ತಿನ ಸಾರು ಅಂತಾನಾ? ಗೊತ್ತು ಬಿಡು! ತಾತನ ಫ್ರಿಜ್ಜು ಮ್ಯೂಸಿಯಂ ಅಂತ ನಿನ್ನ ಮಗಳೇ ಹೆಸರಿಟ್ಟಿದ್ದಾಳಲ್ಲ.

ನಗಬೇಡ ಕಣೇ. ಇಪ್ಪತ್ತೇಳು ವರ್ಷ ಊರಿನ ಕಸದ ಗುಡ್ಡದ ಮೇಲೆ ಬುಲ್ಡೋಜರ್ ಓಡಿಸಿದವನು ನಾನು. ಅರ್ಧಕ್ಕರ್ಧ ಊಟ ಅದು, ಊಟ! ಅನ್ನ, ಪೊಟ್ಟಣ ಒಡೆಯದ ಬ್ರೆಡ್ಡು, ಕಟ್ಟು ಬಿಚ್ಚದ ಸೊಪ್ಪು. ಮಣ್ಣು ಮುಚ್ಚಿದ್ರೆ ಸುಮ್ಮನಿರುತ್ತಾ? ಒಳಗೇ ಕೊಳೆತು ಗ್ಯಾಸಾಗಿ ಹೊತ್ತಿಕೊಳ್ಳುತ್ತೆ. ಅದರ ಕಪ್ಪು ನೀರು ಜಿನುಗಿ ಜಿನುಗಿ ಕೆಳಗಿನ ಮನೆಗಳ ಬಾವಿಗೆ… ಒಂದಿನ ಅಲ್ಲಿಯ ಹೆಂಗಸೊಬ್ಬಳು ಬಿಂದಿಗೆ ತಂದು ನನ್ನ ಗಾಡಿ ಮುಂದೆ ಕುಕ್ಕಿದ್ಲು. 'ಕುಡೀರಿ' ಅಂದ್ಲು. ಅಷ್ಟೇ. ತಲೆ ತಗ್ಗಿಸಿ ಗಾಡಿ ಹಿಂದಕ್ಕೆ ತಗೊಂಡೆ.

ಅವತ್ತೇ ನಿಮ್ಮಮ್ಮನಿಗೆ ಹೇಳಿದೆ, ನಮ್ಮನೆಯಿಂದ ಒಂದಗುಳೂ ಆಚೆ ಹೋಗಕೂಡದು ಅಂತ. ಪಾಪ, ಹ್ಞೂಂ ಅಂದ್ಲು. ಲೋಟದಲ್ಲಿ ಅಳೆದು ಅಕ್ಕಿ ಹಾಕಿದ್ಲು, ಸಿಪ್ಪೆಯೆಲ್ಲ ಗೊಬ್ಬರ ಮಾಡಿದ್ಲು. ನಮ್ಮ ಕಸದ ಬುಟ್ಟಿ ತುಂಬೋಕೆ ಹದಿನೈದು ದಿನ ಬೇಕು, ಗೊತ್ತಾ? ಇಡೀ ಬೀದೀಲಿ ಯಾರ ಮನೇಲಿದೆ ಹೇಳು!

ಹಾಂ? ನಾನಾ? ಹೌದಮ್ಮ, ನಾನೂ ಅದನ್ನೇ ತಿಂದೆ. ಒಂದೇ ಪಾತ್ರೆ, ಇಬ್ರೂ… ನೋಡು, ನನಗೇನಾಗಿದೆ? ಗುಂಡುಕಲ್ಲಿನ ಹಾಗೆ…

ಹಾಗೆ ನೋಡಬೇಡ. ಬೈಬೇಕಾ? ಬೈದುಬಿಡು. ಹೀಗೆ ಸುಮ್ಮನೆ ಮಾತ್ರ ಕೂರಬೇಡ ಮಗಳೇ…

ಭಾನುವಾರ ತಂದ ಮೀನಿನ ಸಾರು ಅದು. ಸೋಮವಾರ ಪೂರ್ತಿ ಕರೆಂಟಿರಲಿಲ್ಲ. ನಿನ್ನೆ ಮುಚ್ಚಳ ತೆಗೆದೆ… ವಾಸನೆ ಬಂತು. ಹ್ಞೂಂ, ಬಂತು. ಗೊತ್ತಾಯ್ತು. ಎಸೆಯೋಕೆ ಕೈ ಬರಲಿಲ್ಲ ಕಣೇ. ಚೆನ್ನಾಗಿ ಕುದಿಸಿದೆ, ನಿಂಬೆಹಣ್ಣು ಹಿಂಡಿದೆ. ನಿಮ್ಮಮ್ಮ ಒಂದು ತುತ್ತು ಬಾಯಿಗಿಟ್ಟು, 'ರೀ, ಯಾಕೋ ಒಂಥರಾ ಇದೆ, ಚೆಲ್ಲಿಬಿಡ್ಲಾ?' ಅಂದ್ಲು. ರೇಗಿಬಿಟ್ಟೆ. 'ದುಡ್ಡು ಕೊಟ್ಟು ತಂದ ಜೀವ ಅದು' ಅಂದೆ. ತಟ್ಟೆ ಬಳಿದು ತಿಂದ್ಲು. 'ನೀವು?' ಅಂತ ಕೇಳಿದ್ಲು. ಹಸಿವಿಲ್ಲ ಅಂದೆ.

ಆಮೇಲೆ ಅಡುಗೆಮನೇಲಿ ನಿಂತ್ಕೊಂಡು ಬ್ರೆಡ್ಡು ತಿಂದೆ.

ಜ್ಯೂಸೂ ಇಲ್ಲ, ಮಾರ್ಕೆಟ್ಟೂ ಇಲ್ಲ. ಡಾಕ್ಟರಿಗೆ ಈಗಲೇ ಹೇಳ್ತೀನಿ, ಮೀನು ಅಂತ, ಗೊತ್ತಿದ್ದೂ ಬಡಿಸಿದೆ ಅಂತ. ಅವರು ಔಷಧಿ ಬದಲಾಯಿಸಬಹುದು, ಅಲ್ವಾ? ಇನ್ನೂ ಹೊತ್ತು ಮೀರಿಲ್ಲ, ಅಲ್ವಾ?

ಸ್ವಲ್ಪ ಕೈ ಕೊಡಮ್ಮ. ಡಾಕ್ಟರ ಹತ್ರ ಹೋಗ್ತೀನಿ…

ಕೊಡಲ್ವಾ?

ಸರಿ. ಸರಿ ಕಣಮ್ಮ… ನಾನೇ ಏಳ್ತೀನಿ.