ನಾನೂರ ಹದಿನೇಳನೆಯ ಬಾಯ್ಲರ್

ಒಗ್ನೆನ್ ನನ್ನ ದೊಡ್ಡಮ್ಮನ ಮಗ. ಕತೆ ಕಟ್ಟುವವನಲ್ಲ. ರಾಕಿಯಾ ಸಾರಾಯಿ ಕುಡಿದರೂ ಎರಡು ಮಾತು ಹೆಚ್ಚಾಡುವವನಲ್ಲ. ಅವನಿಗೆ ಆದದ್ದನ್ನ ಹೇಳ್ತೀನಿ. ನಡುವೆ ನಗಬೇಡಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಜನವರಿ ಕೊನೆ. ಗಟ್ಟಿಯಾದ ಹಿಮ ಕಾಲಡಿಯಲ್ಲಿ ಕರಕ್... ಕರಕ್... ಅನ್ನುತ್ತಿತ್ತು. ಒಗ್ನೆನ್ ಕಾರ್ಖಾನೆಯಿಂದ ಮನೆಗೆ ನಡೆದು ಬರ್ತಿದ್ದ. ದಾರಿಯಲ್ಲಿ ಆ ಹಳೇ ಆಕ್ರೋಟು ಮರ, ಅದರ ಬುಡದಲ್ಲಿ ಕಲ್ಲುಕಟ್ಟೆಯ ಊರಿನ ನೀರಿನ ನಲ್ಲಿ. ದೆವ್ವ ಸೇರುತ್ತೆ ಅಂತ ಆ ಮರದ ಕೆಳಗೆ ನಮ್ಮವರು ಹಗಲಲ್ಲೂ ಮಲಗೋದಿಲ್ಲ. ಆದರೆ ಅವತ್ತು ಅವನಿಗೆ ಮರದ ನೆನಪೂ ಇರಲಿಲ್ಲ. ತಲೆ ತುಂಬ ಸಿಟ್ಟು.

ಯಾಕೆ ಅಂತ ಹೇಳ್ತೀನಿ. ನಮ್ಮದು ಸೌದೆ ಬಾಯ್ಲರ್ ಮಾಡುವ ಕಾರ್ಖಾನೆ. ನಾನು ಬೆಸುಗೆ ಹಾಕ್ತಿದ್ದೆ, ಒಗ್ನೆನ್ ಕಂಪ್ಯೂಟರ್ ನೋಡ್ಕೋತಿದ್ದ. ಪ್ರತಿ ಬಾಯ್ಲರಿಗೂ ಒಂದು ತಗಡಿನ ಬಿಲ್ಲೆ, ಅದರ ಮೇಲೆ ನಂಬರು. ಮೊದಲು ಅಕ್ಷರ, ಆಮೇಲೆ ಸೊನ್ನೆ, ಆಮೇಲೆ ಅಂಕಿ. ಅದನ್ನ ಹಾಕುವ ಸ್ಕ್ರಿಪ್ಟ್, ಅಂದ್ರೆ ಚಿಕ್ಕ ಕಂಪ್ಯೂಟರ್ ಪ್ರೋಗ್ರಾಂ, ಒಗ್ನೆನ್ ಬರೆದದ್ದು. ಹಿಂದಿನ ನಂಬರು ತಗೊಳ್ಳುತ್ತೆ. ಅಕ್ಷರಗಳನ್ನ ಪಕ್ಕಕ್ಕಿಟ್ಟು ಅಂಕಿಗೆ ಒಂದು ಕೂಡಿಸುತ್ತೆ. ಸೊನ್ನೆಗಳನ್ನ ಮತ್ತೆ ಮುಂದೆ ಜೋಡಿಸಿ, ಅಕ್ಷರ ಅಂಟಿಸಿ, ಯಂತ್ರಕ್ಕೆ ಕಳಿಸುತ್ತೆ. ಯಂತ್ರದ ಸೂಜಿ ತಗಡಿನ ಮೇಲೆ ಟಿಕ್‌ಟಿಕ್‌ಟಿಕ್ ಅಂತ ಚುಚ್ಚುತ್ತೆ. ಒಂದೇ ನಂಬರು ಎರಡು ಬಾಯ್ಲರಿಗೆ ಬೀಳಬಾರದು, ಅದಕ್ಕೇ ಅದನ್ನ ಬರೆದದ್ದು.

ಆ ತಿಂಗಳೇ, ಹೊಳೆಯಾಚೆ ಊರಿನ ಬೇಕರಿಯಲ್ಲಿ ನಮ್ಮ ನಾನೂರ ಹದಿನೇಳನೇ ನಂಬರಿನ ಬಾಯ್ಲರ್ ಸಿಡಿದುಹೋಗಿತ್ತು. ವಾಲ್ವ್ ಕಚ್ಚಿಕೊಂಡು ಹಬೆ ಹೊರಗೆ ಹೋಗಲಿಲ್ಲ. ಆ ವಾಲ್ವ್‌ಗಳು ಸರಿಯಿಲ್ಲ ಅಂತ ನಾವು ಬೆಸುಗೆಯವರು ಯಜಮಾನ ವುಕಾಶಿನ್‌ಗೆ ಮುಖಕ್ಕೇ ಹೇಳಿದ್ವಿ. "ನೀವು ಬೆಸುಗೆ ಹಾಕಿ, ಯೋಚನೆ ನಾನು ಮಾಡ್ತೀನಿ" ಅಂದಿದ್ದ. ಬೇಕರಿಯ ರಾದೊಯ್ಕಾ ನೆಲಮಾಳಿಗೆಯಲ್ಲಿ ಸೌದೆ ಹಾಕ್ತಿದ್ದಳು. ಕುದಿನೀರು ಮೈಮೇಲೆ ಬಿತ್ತು. ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನ ಇನ್‌ಸ್ಪೆಕ್ಟರು ಬರೋದಿತ್ತು. ಸಂಜೆ ವುಕಾಶಿನ್ ಒಗ್ನೆನ್‌ನ ಕರೆದ.

"ಅಂಗಳದಲ್ಲಿ ಬಿಲ್ಲೆಯಿಲ್ಲದ ಬಾಯ್ಲರ್ ಒಂದಿದೆಯಲ್ಲ, ಅದಕ್ಕೆ ನಾನೂರ ಹದಿನೇಳು ಹಾಕು."

"ಆ ನಂಬರು ಮುಗಿದುಹೋಗಿದೆ ಯಜಮಾನ್ರೆ."

"ಮುಗಿದಿಲ್ಲ. ನಮ್ಮ ನಾನೂರ ಹದಿನೇಳು ಇಲ್ಲೇ ಇದೆ, ಮಾರೇ ಇಲ್ಲ. ಅಲ್ಲಿ ಸಿಡಿದದ್ದು ನಕಲಿ. ಆ ಬುದಿಮಿರ್ ಅಗ್ಗಕ್ಕೆ ಸಿಕ್ತು ಅಂತ ನಕಲಿ ಮಾಲು ತಂದು ಹೆಂಡತಿಯನ್ನ ಕೊಂದ. ತಿಳೀತಾ?"

ಬುದಿಮಿರ್ ಅಂದ್ರೆ ರಾದೊಯ್ಕಾಳ ಗಂಡ. ಅವಳನ್ನ ಮಣ್ಣು ಮಾಡಿ ಬಂದವನು ಆಮೇಲೆ ಮನೆಯಿಂದ ಹೊರಗೇ ಬಂದಿರಲಿಲ್ಲ.

"ನಾನು ಮಾಡಲ್ಲ" ಅಂದ ಒಗ್ನೆನ್.

"ಹಾಗಾದ್ರೆ ನಾಳೆಯಿಂದ ಬರಬೇಡ."

ಕೋಟು ತಗೊಂಡು ಬಂದುಬಿಟ್ಟ. ಹಾಗೆ ಬರ್ತಿದ್ದಾಗ, ಮರದ ಹತ್ತಿರ...

ಚುಂಯ್...

ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ. ನಿಂತಿತು. ಮತ್ತೆ... ಚುಂಯ್...

ಒಬ್ಬಳು ಹೆಂಗಸು ನಲ್ಲಿ ಕೆಳಗೆ ಕೈಯೊಡ್ಡಿ ನಿಂತಿದ್ದಳು. ಆ ಚಳಿಯಲ್ಲೂ ಅಂಗಿಯ ತೋಳನ್ನ ಮೊಣಕೈವರೆಗೆ ಮಡಚಿದ್ದಳು. ನೀರು ಬಿದ್ದಲ್ಲೆಲ್ಲ ಹಬೆ ಏಳ್ತಿತ್ತು.

"ಏನಾಯ್ತಕ್ಕಾ?" ಮೆಲ್ಲಗೆ ಕೇಳಿದ.

ತಿರುಗಲಿಲ್ಲ. "ನನ್ನ ನಂಬರು ಇನ್ನೊಂದಕ್ಕೆ ಕೊಟ್ಟೆಯಾ?"

"...ಇಲ್ಲ."

"ಅವನು ಕೊಡ್ತಿದಾನೆ."

ಪಿಸುಮಾತು ಅಷ್ಟೆ. ಅದರಲ್ಲಿ ಅಳು ಇರಲಿಲ್ಲ ಅಂತಾನೆ ಒಗ್ನೆನ್. ಬರೀ ಸಿಟ್ಟು. ಅವನ ಸಿಟ್ಟು ಅದರ ಮುಂದೆ ಏನೂ ಅಲ್ಲವಂತೆ.

"ಹೋಗು" ಅಂದಳು.

ಓಡಿದ. ಮನೆಗಲ್ಲ, ವಾಪಸ್ ಕಾರ್ಖಾನೆಗೆ. ನನಗೆ ಆವತ್ತು ರಾತ್ರಿ ಪಾಳಿ. ಬಿಳಿಚಿಕೊಂಡು ಓಡಿಬಂದವನನ್ನ ಕಂಡು ನಾನೂ ಹಿಂದೆ ಹೋದೆ. ಇಲ್ಲಿಂದ ಮುಂದಿನದು ನಾನೇ ಕಣ್ಣಾರೆ ಕಂಡದ್ದು.

ಯಂತ್ರದ ಕೋಣೆಯಲ್ಲಿ ದೀಪ. ಟಿಕ್‌ಟಿಕ್‌ಟಿಕ್... ಟಿಕ್‌ಟಿಕ್‌ಟಿಕ್... ವುಕಾಶಿನ್ ಒಬ್ಬನೇ ಕೂತಿದ್ದ. ಬೆವರಿದ್ದ. ಮೇಜಿನ ಮೇಲೆ ಬಿಲ್ಲೆಗಳ ರಾಶಿ. ಒಂದೊಂದಾಗಿ ಎತ್ತಿ ನೋಡಿದೆ. ಎಲ್ಲದರ ಮೇಲೂ ನಾನೂರ ಹದಿನೆಂಟು.

"ಏನು ಮಾಡಿಟ್ಟಿದೀಯೋ ಇದಕ್ಕೆ?" ಒಗ್ನೆನ್ ಮೇಲೆ ಹಾರಿದ. "ಹಿಂದಿನ ನಂಬರು ನಾನೂರ ಹದಿನಾರು ಅಂತ ಕೊಟ್ಟಿದೀನಿ. ಒಂದು ಕೂಡಿಸಿದ್ರೆ ಹದಿನೇಳು ಬರಬೇಕಲ್ಲ?"

"ಪರದೆ ಮೇಲೆ ಏನಿದೆ, ಓದಿ."

"ಹದಿನೇಳು."

"ಬಿಲ್ಲೆ ಮೇಲೆ?"

ವುಕಾಶಿನ್ ಬಿಲ್ಲೆಯೊಂದನ್ನ ತಿರುಗಿಸಿ ತಿರುಗಿಸಿ ನೋಡಿದ. ಒಗ್ನೆನ್ ಬಗ್ಗಿ ಸ್ಕ್ರಿಪ್ಟ್ ನೋಡಿದ. ಒಂದಕ್ಷರ ಆಚೀಚೆ ಆಗಿರಲಿಲ್ಲ. ಕೂಡಿಸೋದು ಒಂದೇ.

ವುಕಾಶಿನ್ ಹಟಮಾರಿ. ಎದ್ದು ಹೋಗಿ ಅವರಪ್ಪನ ಕಾಲದ ಉಕ್ಕಿನ ಅಚ್ಚುಗಳನ್ನ ತಂದ. ಸುತ್ತಿಗೆಯಿಂದ ಹೊಡೆದು ಅಂಕಿ ಮೂಡಿಸ್ತಾರಲ್ಲ, ಅವು. ನಮ್ಮೆದುರಿಗೇ ನಾಲ್ಕರ ಅಚ್ಚಿಟ್ಟು ಹೊಡೆದ. ಠಣ್. ಒಂದು. ಠಣ್. ಏಳರ ಅಚ್ಚು ಬೆಳಕಿಗೆ ಹಿಡಿದು ನೋಡಿದ, ನನಗೂ ತೋರಿಸಿದ. ಏಳೇ. ಇಟ್ಟು ಹೊಡೆದ...

ಠಣ್.

ಅಚ್ಚು ಎತ್ತಿದ. ಎಂಟು.

ತಗಡನ್ನ ಕೈಗೆತ್ತಿಕೊಂಡವನು "ಹಾ" ಅಂತ ಎಸೆದ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕುದಿನೀರು ಬಿದ್ದರೆ ಏಳುತ್ತಲ್ಲ, ಹಾಗೆ.

ಆಗ ಒಗ್ನೆನ್ ಅವನ ಕಾಲರ್ ಹಿಡಿದ. ಅಷ್ಟು ವರ್ಷ ನೀವು, ನೀವು ಅಂತಿದ್ದವನು.

"ಅವಳ ಹೆಸರು ಹೇಳು. ನಂಬರು ಬೇಡ. ಹೆಸರು ಹೇಳು."

ವುಕಾಶಿನ್ ಬಾಯಿ ತೆರೆದ. ಮುಚ್ಚಿದ. ಗೊತ್ತಿರಲಿಲ್ಲ, ಕೇಳಿದ್ರಾ? ಒಂದು ಜೀವ ತಿಂದಿದ್ದ, ಹೆಸರು ಕೇಳಿಕೊಂಡಿರಲಿಲ್ಲ. ದೆವ್ವದ ಭಯ ನನಗೆ ಆವತ್ತೇ ಹೋಯ್ತು. ಆ ಮುಚ್ಚಿದ ಬಾಯಿ ನೆನೆಸಿಕೊಂಡ್ರೆ ಇವತ್ತಿಗೂ ಕೈ ಮುಷ್ಟಿ ಕಟ್ಟುತ್ತೆ.

"ರಾದೊಯ್ಕಾ" ಅಂದ ಒಗ್ನೆನ್. ಕಾಲರ್ ಬಿಟ್ಟ.

ಬೆಳಿಗ್ಗೆ ಇನ್‌ಸ್ಪೆಕ್ಟರಿಗೆ ನಾವಿಬ್ಬರೂ ಎಲ್ಲ ಹೇಳಿದ್ವಿ. ವಾಲ್ವ್ ವಿಷಯ, ನಂಬರಿನ ವಿಷಯ. ರಾತ್ರಿಯ ವಿಷಯ ಬಿಟ್ವಿ, ಯಾರು ನಂಬ್ತಾರೆ? "ಇವರು ಕುಡುಕರು, ಕೆಲಸದಿಂದ ತೆಗೆದಿದೀನಿ" ಅಂದ ವುಕಾಶಿನ್, ಕೈಗೆ ಬಟ್ಟೆ ಸುತ್ತಿಕೊಂಡು. ಆದರೆ ತೋರಿಸೋಕೆ ನಾನೂರ ಹದಿನೇಳು ಅವನ ಹತ್ತಿರ ಇರಲಿಲ್ಲ. ಕೇಸಾಯ್ತು, ಜೈಲಾಯ್ತು. ಬುದಿಮಿರ್ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ನಾನೀಗ ಗೇಟುಗಳಿಗೆ ಬೆಸುಗೆ ಹಾಕ್ತೀನಿ.

ಒಂದು ಮಾತು ಉಳೀತು. ಆ ಬೆಳಿಗ್ಗೆ ವಾಲ್ವ್ ಪರೀಕ್ಷೆಗೆ ಅಂತ ಇನ್‌ಸ್ಪೆಕ್ಟರು ಅಂಗಳದ ಆ ಬಿಲ್ಲೆಯಿಲ್ಲದ ಬಾಯ್ಲರಿನ ಬಾಗಿಲು ತೆಗೆಸಿದರು. ಸುತ್ತ ಮೊಣಕಾಲುದ್ದ ಹಿಮ, ಒಂದು ಹೆಜ್ಜೆ ಗುರುತಿಲ್ಲ. ಅದಕ್ಕೆ ಹೊಗೆ ಕೊಳವೆಯನ್ನೇ ಇನ್ನೂ ಕೂರಿಸಿರಲಿಲ್ಲ. ಬಾಗಿಲು ಕಿರ್ರ್ ಅಂತ ತೆರೀತು.

"ಇದನ್ನ ಯಾವಾಗ ಉರಿಸಿದ್ರಿ?" ಅಂತ ಕೇಳಿದರು.

ಒಳಗೆ ಬೂದಿ ಇತ್ತು. ನಾನೇ ಕೈ ಹಾಕಿ ತೆಗೆದೆ, ಈ ಕೈಯಿಂದಲೇ. ಬೆಚ್ಚಗಿತ್ತು.