ಹದಿನಾಲ್ಕು ಪೆಟ್ಟಿಗೆ ಬಿಯರು ಕೂಲಿಯಲ್ಲ ಎಂಬ ಬಗ್ಗೆ

ಹೆಸರು ಸುಲೋ ಕರ್ವಿನೆನ್, ತಂದೆ ದಿವಂಗತ ಏಮೆಲಿ ಕರ್ವಿನೆನ್. ವಯಸ್ಸು 71. ದಿಮ್ಮಿ ಲಾರಿ ಓಡಿಸುತ್ತಿದ್ದೆ, ಈಗ ಪಿಂಚಣಿ. ಓದು ಆರನೇ ತರಗತಿ. ವಾಸ ಲೆಪ್ಪಾಲಾ ಹಳ್ಳಿ, ಲಹ್ತಿ ಪಟ್ಟಣದಿಂದ 31 ಕಿ.ಮೀ., ಫಿನ್ಲೆಂಡ್.

ಹೆಲ್ಸಿಂಕಿ ಬಂದರಿನಲ್ಲಿ ಪೊಲೀಸ್ ಅಧಿಕಾರಿ ಹಕ್ಕರೈನೆನ್ ಅವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ, ಈ ದಿನ 12-06-2014ನೇ ಗುರುವಾರ ಬೆಳಿಗ್ಗೆ 5.10ಕ್ಕೆ ನನ್ನ ಹಳೇ ವ್ಯಾನಿನಲ್ಲಿ ಮನೆ ಬಿಟ್ಟೆ. 7.30ರ ಹಡಗು ಹತ್ತಿ 9.30ಕ್ಕೆ ಎಸ್ತೋನಿಯಾದ ತಾಲಿನ್ ಸೇರಿದೆ. ಬಂದರಿನಿಂದ 400 ಮೀಟರ್ ದೂರದ ಅಂಗಡಿಯಲ್ಲಿ 14 ಪೆಟ್ಟಿಗೆ ಬಿಯರು ಕೊಂಡೆ. ಪೆಟ್ಟಿಗೆಗೆ 24 ಡಬ್ಬಿ. ನಮ್ಮಲ್ಲಿ ಒಂದು ಪೆಟ್ಟಿಗೆಗೆ ಕೊಡುವ ದುಡ್ಡಿಗೆ ಎಸ್ತೋನಿಯಾದಲ್ಲಿ ಎರಡು ಬರುತ್ತವೆ. ಇದು ಪೊಲೀಸರಿಗೂ ಗೊತ್ತು, ಅವರೂ ಹೋಗುತ್ತಾರೆ.

12.30ರ ಹಡಗಿನಲ್ಲಿ ವಾಪಸು ಹೊರಟೆ. ಹಡಗಿನಲ್ಲಿ ಕೂತು ದಪ್ಪ ಪೆನ್ನಿನಿಂದ ಒಂದೊಂದು ಪೆಟ್ಟಿಗೆಗೆ ಹಚ್ಚಲು ಒಂದೊಂದು ಚೀಟಿ ಬರೆದೆ. ಓಯ್ವಾ, ರೌನೋ, ಹೀಗೆ ಹದಿನಾಲ್ಕು ಹೆಸರು. ಹಡಗು ನಿಲ್ಲುವ ಮೊದಲು ವ್ಯಾನಿಗೆ ಇಳಿದು ಹಚ್ಚಿದೆ. ಇದು ನನ್ನ ಬುದ್ಧಿಗೇಡಿತನ. ಕಾರಣ ಇಷ್ಟೇ. ಹೋದ ವರ್ಷ ನಮ್ಮೂರಿನ ಓಯ್ವಾನ ಕಣಜ ಕಟ್ಟುವಾಗ ನನ್ನ ಷಡ್ಡಕ ರೌನೋ ಮೂರು ಜನರ ಪಾಲು ಒಬ್ಬನೇ ಕುಡಿದ. ಜಗಳ ಆಯಿತು. ಈ ಸಲ ನನ್ನ ಅಂಗಳದಲ್ಲಿ ಅದು ಆಗಬಾರದು ಅಂತ ಬರೆದೆ.

14.30ಕ್ಕೆ ಹೆಲ್ಸಿಂಕಿ ತಲುಪಿದೆ. 14.50ಕ್ಕೆ ಸುಂಕದವರು ವ್ಯಾನಿನ ಹಿಂಬಾಗಿಲು ತೆಗೆಸಿದರು. ಅಧಿಕಾರಿಣಿ ಚಿಕ್ಕ ವಯಸ್ಸಿನವಳು, ಮರ್ಯಾದೆಯಾಗಿಯೇ ಮಾತಾಡಿದಳು. ಯಜಮಾನ್ರೇ, ಇಷ್ಟೆಲ್ಲಾ ನಿಮಗೊಬ್ಬರಿಗೇನಾ ಅಂತ ಕೇಳಿದಳು. ನೋಡಮ್ಮಾ, ನಾನೇನು ಹಸುವಾ ಇಷ್ಟು ಕುಡಿಯೋಕೆ ಅಂದೆ. ಹಾಗಾದರೆ ಯಾರಿಗೆ ಅಂದಳು. ಕೆಲಸದವರಿಗೆ ಅಂದುಬಿಟ್ಟೆ. ಆಗ ಅವಳು ಚೀಟಿಗಳನ್ನು ನೋಡಿದಳು. ಆಳಿಗೊಂದು ಪೆಟ್ಟಿಗೆ ಕೂಲಿಯಾ ಅಂದಳು. ಸ್ವಂತಕ್ಕೆ, ಮನೆಯ ಅತಿಥಿಗಳಿಗೆ ತರಬಹುದು, ಕೆಲಸಕ್ಕೆ ಬದಲಾಗಿ ಕೊಡಲು ತಂದರೆ ತೆರಿಗೆ ಕಟ್ಟಬೇಕು ಅಂತ ವಿವರಿಸಿದಳು. ಕೂಲಿ ಯಾರಮ್ಮಾ ಕೊಡ್ತಾರೆ ಅಂತ ನಾನು ಕೂಗಿದ್ದು ನಿಜ. ಕೂಗಿದ್ದಕ್ಕೆ ಅವಳಲ್ಲಿ ಕ್ಷಮೆ ಕೇಳುತ್ತೇನೆ. ಆಡಿದ ಮಾತಿಗೆ ಕೇಳುವುದಿಲ್ಲ.

15.40ಕ್ಕೆ ನನ್ನನ್ನು ಹಕ್ಕರೈನೆನ್ ಅವರ ಕೋಣೆಗೆ ಕರೆತಂದರು. ಅವರು ಕೇಳಿದ್ದಕ್ಕೆ ಹೇಳುತ್ತೇನೆ. ಮಾರ್ಚ್ 8ನೇ ಶನಿವಾರ ನಮ್ಮ ಹಬೆಸ್ನಾನದ ಸೌನಾಮನೆ ಸುಟ್ಟುಹೋಯಿತು. ಹೊಗೆಕೊಳವೆ ಸರಿಯಾಗಿ ಗುಡಿಸಿರಲಿಲ್ಲ, ತಪ್ಪು ನನ್ನದೇ. ಗೋಡೆಗಳನ್ನು ಮೇ ತಿಂಗಳಲ್ಲಿ ನಾನೊಬ್ಬನೇ ಎಬ್ಬಿಸಿದೆ. ಮಾಡು ಒಬ್ಬನಿಂದ ಆಗುವುದಿಲ್ಲ, ಬಲಭುಜ ಎತ್ತಲು ಬರುವುದಿಲ್ಲ. ನನ್ನ ಹೆಂಡತಿ ಐಲಿಗೆ 69 ವಯಸ್ಸು, ಸೊಂಟದ ಕೀಲು ಸವೆದಿದೆ. ಶನಿವಾರ ಸೌನಾದ ಹಬೆಯಲ್ಲಿ ಕೂತರೆ ಮಂಗಳವಾರದವರೆಗೆ ನಡೆಯುತ್ತಿದ್ದಳು. ಮೂರು ತಿಂಗಳಿಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಶವರಿನ ಕೆಳಗೆ ಮೈ ತೊಳೆಯುತ್ತಾಳೆ. ಏಳುವಾಗ ನನ್ನನ್ನು ಕರೆಯುವುದಿಲ್ಲ, ಗೋಡೆ ಹಿಡಿದು ಏಳುತ್ತಾಳೆ. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ಇದನ್ನು ಬರೆದುಕೊಳ್ಳಬೇಕಾಗಿರಲಿಲ್ಲ, ಬರೆದುಕೊಂಡಿದ್ದರೆ ಇರಲಿ.

ಮುಂದಿನ ಶುಕ್ರವಾರ ಯುಹಾನ್ನುಸ್ ಹಬ್ಬ, ಬೇಸಿಗೆಯ ನಡುಮಧ್ಯದ ದಿನ. ಆ ದಿನ ಸೌನಾ ಇಲ್ಲದ ಮನೆ ಮನೆಯಲ್ಲ. ಅದಕ್ಕೆ ನಾಡಿದ್ದು ಶನಿವಾರ, ಭಾನುವಾರ ಊರಿನ ಹದಿನಾಲ್ಕು ಜನ ಮುಯ್ಯಾಳಾಗಿ ಬಂದು ಮಾಡು ಹಾಕುತ್ತಾರೆ. ಅವರ ಮಾಡಿಗೆ, ಕಣಜಕ್ಕೆ, ದೋಣಿಮನೆಗೆ ನಾನು ಹೋಗಿದ್ದೇನೆ. ಕರೆದ ಮನೆಯವನು ಬಟಾಣಿ ಸಾರು, ಸಾಸೇಜು, ಬಿಯರು ಇಡಬೇಕು. ಇಡದವನನ್ನು ಊರು ಇಪ್ಪತ್ತು ವರ್ಷ ಆಡಿಕೊಳ್ಳುತ್ತದೆ. ಹಾಗಂತ ಅದು ಕೂಲಿಯಲ್ಲ.

16.35ಕ್ಕೆ ಹಕ್ಕರೈನೆನ್ ಒಂದು ಉಪಾಯ ಹೇಳಿದರು. ಕೆಲಸಕ್ಕೆ ಬದಲಾಗಿ ಕೊಡಲು ತಂದದ್ದು ಎಂಬ ಅಚ್ಚಿನ ಸಾಲಿನ ಕೆಳಗೆ ಸಹಿ ಹಾಕಿ, ತೆರಿಗೆ ಕಟ್ಟಿ, ಬಿಯರಿನ ಸಮೇತ ಈಗಲೇ ಹೊರಡಿ ಅಂದರು. ಇಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೆ ಪೆಟ್ಟಿಗೆಗಳು ಇಲ್ಲೇ, ಎರಡು ವಾರವಾದರೂ ಆಗಬಹುದು ಅಂದರು. ತೆರಿಗೆಯ ದುಡ್ಡು ನನ್ನ ಜೇಬಿನಲ್ಲಿತ್ತು. ನಾನು ಆಗೋದಿಲ್ಲ ಅಂದೆ.

16.50ಕ್ಕೆ ಅವರು ಓಯ್ವಾನಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಸುಲೋ ನಿಮಗೆ ಬಿಯರಿನಲ್ಲಿ ಕೂಲಿ ಕೊಡ್ತಾನಂತೆ, ಹೌದಾ ಅಂತ ಕೇಳಿದರು. ಓಯ್ವಾ, ಅವನು ತರೋ ಆ ನೀರುನೀರು ಬಿಯರಿಗೆ ಯಾವ ಹುಚ್ಚ ಕೂಲಿ ಮಾಡ್ತಾನ್ರೀ ಅಂದ. ಹಕ್ಕರೈನೆನ್ ನಕ್ಕರು, ನಾನು ನಗಲಿಲ್ಲ. ಓಯ್ವಾ ಮತ್ತೆ, ಕೂಲಿ ಅಂತ ಸುಲೋನೇ ಹೇಳಿದನಾ, ಹೇಳಿದ್ದರೆ ನಾನು ಶನಿವಾರ ಬರೋದಿಲ್ಲ ಅಂದ. ಸುಲೋ ಹಾಗೆ ಹೇಳಿಲ್ಲ ಅಂತ ಹಕ್ಕರೈನೆನ್ ಅವರೇ ಅವನಿಗೆ ತಿಳಿಸಿದರು. ಇದು ಬರಹದಲ್ಲಿ ಇರಲಿ. ಕೂಲಿ ಕೊಟ್ಟರೆ ಅಲ್ಲಿಗೆ ಲೆಕ್ಕ ಮುಗಿಯಿತು, ನೀನು ಯಾರೋ ನಾನು ಯಾರೋ. ನಾನು ಸಹಿ ಹಾಕಿದರೆ ನಾಳೆ ಅವನ ಮನೆಗೆ ಸುತ್ತಿಗೆ ಹಿಡಿದು ಯಾವ ಮುಖದಲ್ಲಿ ಹೋಗಲಿ.

ಇಷ್ಟಾದರೂ ಚೀಟಿಗಳು ಇರುವುದರಿಂದ ವಿಚಾರಣೆ ಬಿಡಲು ಬರುವುದಿಲ್ಲ ಅಂದರು. ಅವರ ಕೆಲಸ ಅವರದು.

17.15ಕ್ಕೆ ಐಲಿಗೆ ಫೋನು ಮಾಡಲು ಬಿಟ್ಟರು. ಹಲಗೆ ಮಳೇಲಿ ನೆನೀತಾ ಇದೆ, ನೀನು ಅಲ್ಲಿ ಡಬ್ಬಿ ಕಾಯ್ತಾ ಕೂತಿದ್ದೀಯೇನೋ ಮುದುಕಾ ಅಂದಳು. ಎಲ್ಲ ಹೇಳಿದೆ. ಸಹಿ ಹಾಕಬೇಡ, ಬಿಯರು ಬಿಟ್ಟು ಬಾ ಅಂದಳು. ಓಯ್ವಾ ಆಗಲೇ ಅವಳಿಗೆ ಸುದ್ದಿ ಮುಟ್ಟಿಸಿದ್ದನಂತೆ, ಅವಳು ಮಾಲ್ಟಿಗೆ ಬಿಸಿನೀರು ಹುಯ್ದು ಇಟ್ಟಿದ್ದಳು. ಮನೆಯ ಕಲ್ಯಾ ಎರಡು ದಿನಕ್ಕೆ ಹುದುಗಿ ಕುಡಿಯಲು ಬರುತ್ತದೆ, ಅಮಲೇನೂ ಇಲ್ಲ. ದೊಡ್ಡ ಪಾತ್ರೆ ಯಾರು ಎತ್ತಿದರು ಅಂತ ಕೇಳಿದೆ. ಯಾರು ಎತ್ತಿದರೆ ನಿನಗೇನು ಅಂದು ಫೋನಿಟ್ಟಳು. ಆ ಪಾತ್ರೆ ತುಂಬಿದರೆ 20 ಲೀಟರು.

ಆದ್ದರಿಂದ 14 ಪೆಟ್ಟಿಗೆಗಳನ್ನು ನಾನಾಗಿಯೇ ಇಲ್ಲಿ ಬಿಟ್ಟು ಹೋಗುತ್ತಿದ್ದೇನೆ. ಬಂದವರಿಗೆ ಬಿಯರು ಎಲ್ಲಿದೆ ಅಂತ ನಾನೇ ಹೇಳುತ್ತೇನೆ, ಆಡಿಕೊಳ್ಳಲಿ. ಮುಯ್ಯಾಳಿಗೆ ಕೂಲಿ ಇದೆಯೋ ಇಲ್ಲವೋ ಅಂತ ಇಲಾಖೆಗೆ ಇನ್ನೂ ಅನುಮಾನ ಇದ್ದರೆ ಯಾರನ್ನಾದರೂ ಶನಿವಾರ ಬೆಳಿಗ್ಗೆ 8ಕ್ಕೆ ಲೆಪ್ಪಾಲಾಕ್ಕೆ ಕಳಿಸಲಿ. ಸಾರು ಹಾಕುತ್ತೇವೆ. ಕೈಬೀಸಿಕೊಂಡು ಬರಬಾರದು, ಮೊಳೆ ಹೊಡೆಯಬೇಕು.

ಮೇಲಿನದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಕೊನೆಯ ಪುಟದಲ್ಲಿ ಅಚ್ಚಾಗಿದ್ದ 'ಕೆಲಸಕ್ಕೆ ಬದಲಾಗಿ' ಎಂಬ ಸಾಲನ್ನು ನನ್ನ ಕೈಯಾರೆ ಹೊಡೆದುಹಾಕಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೇ ಇದೆ, ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಹೆಲ್ಸಿಂಕಿ ಬಂದರು
ದಿನಾಂಕ: 12-06-2014, ಸಂಜೆ 17.55
ಸಹಿ: ಸುಲೋ ಕರ್ವಿನೆನ್